ಬಿಳಿ ಪುಡಿಯವಳು, ಕರಿ ಪುಡಿಯವನು

ನನಗೊಂದು ಸಣ್ಣ ಚಿಂತೆ ಇದೆ. ಯಾರಿಗೂ ಹೇಳುವಂಥದ್ದಲ್ಲ. ಡೈರಿಗೂ ಅರ್ಧ ಮುಚ್ಚಿಟ್ಟೇ ಹೇಳಬೇಕಾದದ್ದು. ಯಾವ ಮನುಷ್ಯನ ಮೇಲೆ ನನಗೆ ಸಂಶಯವಿದೆಯೋ, ಅವನ ಕೈಗಳನ್ನು ನಾನು ಸಂಶಯಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತೇನೆ.

ಕಳ್ಳನ ಕೈ ಮೇಲೆ ಕಣ್ಣಿಡಬೇಕಾದ್ದೇ. ಆದರೆ ಎಷ್ಟು ತಿಕ್ಕಿದರೂ ಅವನ ಉಗುರಿನ ಸಂದಿಯ ಕಪ್ಪು ಹೋಗಿಲ್ಲವಲ್ಲ, ಪಾಪ, ಎಂದು ಮರುಗುವುದು ಯಾವ ಸೀಮೆಯ ತನಿಖೆ?

ಅವನ ಹೆಸರು ರೇಲ್ಯಾ. ಬೇಸಿಗೆ ಮುಗಿಯುವ ಹೊತ್ತಿಗೆ ದೇಶದ ಉತ್ತರದ ಸೊಂಬೊರ್ ಊರಿನಿಂದ ನಮ್ಮ ಪಿರೋಟ್ ಊರಿನ ಕಾರ್ಖಾನೆಗೆ ಬಂದ. ಬೂಟು, ಅಟ್ಟೆ, ಪೈಪು ಮಾಡುವ ಕಾರ್ಖಾನೆ ನಮ್ಮದು. ಊರಿನ ಅರ್ಧ ಜನ ರಬ್ಬರಿನಿಂದ ಬದುಕುತ್ತಾರೆ, ಉಳಿದರ್ಧ ಆ ಜನಕ್ಕೆ ಚೀಸ್ ಮಾರಿ ಬದುಕುತ್ತಾರೆ ಎಂದು ನಾವೇ ಹೇಳಿಕೊಂಡು ನಗುತ್ತೇವೆ. ಅದರ ಪ್ರಯೋಗಾಲಯದಲ್ಲಿ ನಾನು ತರಬೇತಿಯ ಎಂಜಿನಿಯರ್, ದುನ್ಯಾ. ಓದು ಮುಗಿಸಿ ಬಂದವಳು, ಮೀಟಿಂಗುಗಳಲ್ಲಿ ಬಾಯಿ ಬಿಡದವಳು.

ಅವನು ಬಂದ ದಿನವೇ ಬಾಸ್ ತೀಹೊಮಿರ್ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದರು. ಸ್ತಾರಾ ಪ್ಲಾನಿನಾ ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವ ರಕ್ಷಣಾ ತಂಡಕ್ಕೆ ಹೊಸ ಬೂಟು ಬೇಕು, ಒದ್ದೆ ಕಲ್ಲಿನ ಮೇಲೂ ಜಾರಬಾರದು. ಅಟ್ಟೆಗೆ ರೇಲ್ಯಾ ಒಂದು ರಬ್ಬರ್ ಮಿಶ್ರಣ ಮಾಡಲಿ, ದುನ್ಯಾ ಒಂದು ಮಾಡಲಿ.

"ಯಾರದ್ದು ಗೆಲ್ಲುತ್ತೋ ಅವರು ಇಲ್ಲಿ ಕಾಯಂ," ಎಂದರು. "ಇರೋದು ಒಂದೇ ಜಾಗ. ಸೋತವರು ನನ್ನ ಮೇಲೆ ಮುನಿಸ್ಕೋಬಾರ್ದು, ಆಯ್ತಾ?"

ಸೋತರೆ ಅವನಿಗೆ ಸೊಂಬೊರಿನ ಹಳೆಯ ಕೆಲಸ ಕಾಯುತ್ತಿತ್ತು. ನನಗೆ ಏನೂ ಕಾಯುತ್ತಿರಲಿಲ್ಲ.

ಅವನದು ಕರಿ ಪುಡಿ, ಮಸಿಯಂಥ ಇಂಗಾಲ. ನೂರು ವರ್ಷಗಳಿಂದ ರಬ್ಬರಿಗೆ ಗಟ್ಟಿತನ ಕೊಟ್ಟ ಮನೆತನಸ್ಥ ಪುಡಿ ಅದು. ನನ್ನದು ಬಿಳಿ ಪುಡಿ, ಸಿಲಿಕಾ. ತಲೆಗೂದಲೊಂದನ್ನು ಸಾವಿರಾರು ಎಳೆಯಾಗಿ ಸೀಳಿದರೆ ಒಂದೆಳೆ ಎಷ್ಟು ತೆಳ್ಳಗಿದ್ದೀತೋ ಅಷ್ಟು ಸಣ್ಣ ಕಣಗಳು. ಅಷ್ಟು ಸಣ್ಣದಾದ್ದರಿಂದಲೇ ಅದಕ್ಕೆ ಅಷ್ಟು ಬಲ, ಅಷ್ಟು ಮೊಂಡುತನ. ರಬ್ಬರಿನ ಜೊತೆ ಬೆರೆಯೆಂದರೆ ಬೆರೆಯದು, ಕಣಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಮೂಲೆಯಲ್ಲಿ ಕೂರುತ್ತವೆ. ಎರಡನ್ನೂ ಕೈಹಿಡಿದು ಸೇರಿಸಲು ಸಿಲೇನ್ ಎಂಬ ದ್ರವ ಹಾಕಬೇಕು.

"ಅಂದ್ರೆ ಮದುವೆ ದಲ್ಲಾಳಿ," ಎಂದಿದ್ದ ಅವನು, ಮೊದಲ ವಾರವೇ, ನನ್ನ ಬಾಟಲಿ ಎತ್ತಿ ಮೂಸಿ ಮುಖ ಹುಳ್ಳಗೆ ಮಾಡಿಕೊಂಡು. "ನಮ್ಮ ಕರಿ ಪುಡಿಗೆ ಇಂಥ ಮಧ್ಯಸ್ಥಿಕೆಯೆಲ್ಲ ಬೇಡಪ್ಪ. ರಬ್ಬರ್ ಕಂಡ ತಕ್ಷಣ ತಾನೇ ಹೋಗಿ ಅಪ್ಕೊಳ್ಳುತ್ತೆ."

ನಾನು ಬಾಟಲಿ ಕಸಿದುಕೊಂಡೆ. ಉತ್ತರ ಹೊಳೆದದ್ದು ಮನೆಗೆ ಹೋದ ಮೇಲೆ. ಯಾರನ್ನಾದರೂ ಸರಿ, ಕಂಡ ತಕ್ಷಣ ಅಪ್ಪಿಕೊಳ್ಳುವವರನ್ನು ನಂಬುವುದು ಹೇಗೆ?

*

ನನ್ನ ಹಾಳೆಗಳು ಕೆಡಲು ಶುರುವಾದದ್ದು ಅಕ್ಟೋಬರಿನಲ್ಲಿ.

ನಮ್ಮ ಕೆಲಸ ಹೀಗೆ. ರಬ್ಬರಿಗೆ ಪುಡಿ ಬೆರೆಸಿ, ರೋಲರುಗಳ ನಡುವೆ ಹಾಳೆ ಮಾಡಿ, ಒಂದು ರಾತ್ರಿ ಹದದ ಕೋಣೆಯಲ್ಲಿ ಮಲಗಿಸುತ್ತೇವೆ. ಅಲ್ಲಿ ಒಂದು ದೊಡ್ಡ ಯಂತ್ರ ಸದಾ ತಂಪಾದ ಒಣಗಾಳಿ ಬೀಸುತ್ತಿರುತ್ತದೆ. ಮಾರನೆಯ ದಿನ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಬೇಯಿಸಿ, ತುಂಡು ಕತ್ತರಿಸಿ, ತುಂಡಾಗುವವರೆಗೆ ಎಳೆಯುತ್ತೇವೆ.

ಒಂದು ದಿನ ನನ್ನ ತುಂಡು ಅದ್ಭುತವಾಗಿ ಹಿಗ್ಗುತ್ತಿತ್ತು. ಇನ್ನೊಂದು ದಿನ, ಅದೇ ಮಿಶ್ರಣ, ಅದೇ ಅಳತೆ, ಅರ್ಧ ದಾರಿಯಲ್ಲೇ ಪಟ್ಟೆಂದು ಹರಿಯುತ್ತಿತ್ತು. ಹರಿದ ಮುಖದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು. ರೇಲ್ಯಾನ ಕರಿ ಹಾಳೆಗಳಿಗೆ ಏನೂ ಆಗುತ್ತಿರಲಿಲ್ಲ. ಅದೇ ಕೋಣೆ, ಎದುರುಬದುರು ಗೋಡೆ. ಅವನದು ಪ್ರತಿ ಸಲವೂ ಒಂದೇ ಅಂಕಿ, ಶಾಲೆಯ ಜಾಣ ಹುಡುಗನ ಹಾಗೆ.

"ಯಾರದ್ದೋ ಕಣ್ಣು ಬಿದ್ದಿದೆ, ಮಗಾ," ಎಂದಳು ಸ್ಲಾವ್ಕಾ ಚಿಕ್ಕಮ್ಮ. ನಮ್ಮ ಪ್ರಯೋಗಾಲಯದ ಹಳೆಯ ಸಹಾಯಕಿ. ಇಡೀ ಕಾರ್ಖಾನೆಗೇ ಚಿಕ್ಕಮ್ಮ. ಬೆಳಗಿನ ಕಾಫಿ ಅವಳೇ ಕುದಿಸುವುದು, ಅದರ ಜೊತೆ ಬಾಟಲಿಯಿಂದ ಲಟ್ಟಿಸಿ ಚಪ್ಪಟೆ ಮಾಡಿದ ಒಣ ಸಾಸೇಜನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಇಡುವುದು.

ರೇಲ್ಯಾ ಒಂದು ಹೋಳನ್ನು ಬೆಳಕಿಗೆ ಹಿಡಿದ. "ಚಿಕ್ಕಮ್ಮಾ, ಇದರಾಚೆ ಇರೋ ಕಿಟಕಿ ಕಾಣ್ತಿದೆ. ಪಿರೋಟಿನವ್ರು ಕೈಬಿಗಿ ಅಂತ ಕೇಳಿದ್ದೆ, ಇಷ್ಟು ಅಂದ್ಕೊಂಡಿರ್ಲಿಲ್ಲ. ಹೊಸ ಬೂಟು ಹಾಕ್ಕೊಂಡ್ರೆ ನೀವು ಉದ್ದುದ್ದ ಹೆಜ್ಜೆ ಇಡ್ತೀರಂತೆ, ಅಟ್ಟೆ ಸವೀಬಾರ್ದು ಅಂತ?"

"ನಾವು ಹೆಜ್ಜೆನಾದ್ರೂ ಇಡ್ತೀವಪ್ಪ. ಸೊಂಬೊರಿನವನು ಬೆಳಿಗ್ಗೆ ಎಡವಿದ್ರೆ ನೆಲಕ್ಕೆ ಬೀಳೋದು ಸಾಯಂಕಾಲ. ತಿನ್ನು ಸುಮ್ನೆ."

ಅವನು ನಕ್ಕ. ನಗುವಾಗ ನನ್ನ ಕಡೆ ನೋಡಿದ. ನಾನು ನೋಡುವುದನ್ನು ಕಂಡು ತಟ್ಟನೆ ಕಣ್ಣು ತಿರುಗಿಸಿ ಕಾಫಿಯ ತಳದ ಗಸಿಯನ್ನೇ ಕುಡಿದುಬಿಟ್ಟ. ಕೆಮ್ಮಿ ಕೆಮ್ಮಿ ಕಿವಿ ಕೆಂಪಾಯಿತು.

ನಿರಪರಾಧಿಯ ಕಿವಿ ಯಾಕೆ ಕೆಂಪಾಗಬೇಕು? ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

*

ಹಾಳೆಗಳು ಕೆಡುವುದಕ್ಕೆ ಸ್ವಲ್ಪ ಮೊದಲು ನನಗೆ ಕುತ್ತಿಗೆ ಹಿಡಿದುಕೊಂಡಿತ್ತು. ಜಾಗವಿಲ್ಲವೆಂದು ನನ್ನ ಮೇಜನ್ನು ಆ ಹದದ ಕೋಣೆಯೊಳಗೇ ಹಾಕಿದ್ದರು. ಬಾಗಿಲ ಮೇಲಿನ ಯಂತ್ರದ ಗಾಳಿ ನನ್ನ ಬೆನ್ನ ಮೇಲಿಂದ ಹಾದು ಎದುರುಗೋಡೆಯ ನನ್ನ ಹಾಳೆಗಳ ಕಡೆ ಹೋಗುತ್ತಿತ್ತು. ತಲೆ ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು.

"ಸೀಳುಗಾಳಿ!" ಎಂದು ಸ್ಲಾವ್ಕಾ ಚಿಕ್ಕಮ್ಮ ಎದೆಗೆ ಕೈ ಇಟ್ಟುಕೊಂಡಿದ್ದಳು. ನಮ್ಮಲ್ಲಿ ಯಾರೂ ಇದಕ್ಕೆ ನಗುವುದಿಲ್ಲ. ಕಿಟಕಿ ಬಾಗಿಲು ಎರಡೂ ತೆರೆದು ಮಲಗಿದವರ ಮುಖ ಸೊಟ್ಟಗಾದದ್ದು, ಬಸ್ಸಿನ ಕಿಟಕಿಯ ಗಾಳಿಗೆ ಕಿವಿ ಹೋದದ್ದು, ಪ್ರತಿ ಮನೆಯಲ್ಲೂ ಒಂದು ಕಥೆ ಇದೆ. ಸೆಕೆಗೆ ಬೆವರಿ ಸಾಯುತ್ತಿದ್ದರೂ ಸರಿ, ಎರಡನೇ ಕಿಟಕಿ ತೆರೆಯುವವರಿಲ್ಲ. ಚಿಕ್ಕಮ್ಮ ಹಣ್ಣಿನ ಹೆಂಡ ರಾಕಿಯಾದಲ್ಲಿ ಬಟ್ಟೆ ಅದ್ದಿ ಕುತ್ತಿಗೆಗೆ ಸುತ್ತಿದಳು. ಇಡೀ ದಿನ ಹೆಂಡದಂಗಡಿಯ ಹಾಗೆ ನಾರುತ್ತಾ ಕೂತಿದ್ದೆ. ಕೆಲವೇ ದಿನಗಳಲ್ಲಿ ನೋವು ಇಳಿಯಿತು. ಚಿಕ್ಕಮ್ಮ ಅದನ್ನು ಗೇಟಿನ ಕಾವಲುಗಾರನವರೆಗೂ ಸಾರಿಬಂದಳು.

ಹಾಳೆಗಳು ಕೆಡತೊಡಗಿದ ಮೇಲೆ ಒಂದು ಬೆಳಿಗ್ಗೆ ನಾನು ಕೋಣೆಗೆ ಬಂದಾಗ ರೇಲ್ಯಾ ನನ್ನ ಕುರ್ಚಿಯ ಮೇಲೆ ನಿಂತಿದ್ದ.

ಶೂ ಬಿಚ್ಚಿಟ್ಟು ನಿಂತಿದ್ದ. ಕಾಲುಚೀಲದ ಹೆಬ್ಬೆರಳಿನಲ್ಲಿ ತೂತು. ನನ್ನನ್ನು ಕಂಡದ್ದೇ ಧೊಪ್ಪೆಂದು ಹಾರಿದ.

"ಬಲ್ಬ್... ಬಲ್ಬ್ ನೋಡ್ತಿದ್ದೆ."

ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು.

"ಏನಾಗಿದೆ ಬಲ್ಬಿಗೆ?"

"ಏನೂ ಆಗಿಲ್ಲ. ಅದನ್ನೇ ನೋಡ್ದೆ."

ಶೂಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟ. ಅವನ ತೋಳಿಗೆ ಅಂಟುಪಟ್ಟಿಯ ಒಂದು ಚೂರು ಮೆತ್ತಿಕೊಂಡಿತ್ತು. ನಾನು ಓಡಿ ಹೋಗಿ ನನ್ನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಗೀರಿಲ್ಲ, ಕಲೆಯಿಲ್ಲ. ಆದರೆ ಎರಡು ದಿನ ಮಳೆ ಹಿಡಿಯಿತು, ನನ್ನ ತುಂಡುಗಳು ಒಂದರ ಹಿಂದೊಂದು ಹರಿದವು.

ಎಳೆಯುವ ಯಂತ್ರದ ಬಳಿ ಅವನು ನನ್ನ ಹಿಂದೆ ಬಂದು ನಿಂತ. ಸೋಪಿನ ವಾಸನೆ, ಅದರಡಿಯಲ್ಲಿ ಗಂಧಕದ ವಾಸನೆ. ನಮಗೆಲ್ಲ ಇರುವುದೇ ಅದು, ಆದರೆ ಅವನಲ್ಲಿ ಯಾಕೋ ಬೇರೆ ಥರ.

"ಒಂದ್ಸಲ ಮೆಲ್ಲಗೆ ಎಳೆದು ಬಿಟ್ಟು, ಆಮೇಲೆ ಪೂರ್ತಿ ಎಳೀರಿ," ಎಂದ. "ಮೊದಲನೇ ಸಲ ಎಳೆಯುವಾಗ ಎಲ್ಲಾ ರಬ್ಬರೂ ಬಿಗಿಯಾಗೇ ಇರುತ್ತೆ. ಎಲ್ಲಿವರೆಗೆ ಎಳೆದಿರ್ತೀವೋ ಅಲ್ಲಿವರೆಗೆ ಎರಡನೇ ಸಲ ಮೆತ್ತಗಾಗಿರುತ್ತೆ."

"ನನಗೆ ಗೊತ್ತು. ನಾನೂ ಅದನ್ನೇ ಓದಿರೋದು."

"ಗೊತ್ತು ನಿಮಗೆ ಗೊತ್ತು ಅಂತ." ಸ್ವಲ್ಪ ತಡೆದು, "ನಿಮ್ಮ ಜೊತೆ ಮಾತಾಡೋಕೆ ನನಗೆ ಬೇರೆ ವಿಷಯ ಗೊತ್ತಿಲ್ಲ, ಅದಕ್ಕೇ..."

ನಾನು ಗುಂಡಿ ಒತ್ತಿದೆ. ತುಂಡು ಉದ್ದವಾಯಿತು, ತೆಳ್ಳಗಾಯಿತು, ಹಾಲಿನ ಬಣ್ಣಕ್ಕೆ ತಿರುಗಿತು. ಪಟ್. ಹರಿದ ಚೂರು ಅವನ ಎದೆಗೆ ಬಡಿದು ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡು, ಗುಳ್ಳೆಗಳನ್ನು ಹತ್ತಿರದಿಂದ ನೋಡಿ ಹುಬ್ಬು ಗಂಟಿಕ್ಕಿದ.

"ತೇವ," ಎಂದ. "ಇದಕ್ಕೆ ಎಲ್ಲಿಂದ ಬರ್ತಿದೆ ತೇವ?"

ಸಿಲಿಕಾ ನೀರು ಕುಡಿಯುತ್ತದೆ ಎಂಬುದು ನನಗೂ ಗೊತ್ತು. ಗಾಳಿಯಲ್ಲಿನ ತೇವವನ್ನೇ ಹೀರಿಕೊಂಡು, ದಲ್ಲಾಳಿಯ ಕೈ ಬಿಡಿಸಿ, ಮತ್ತೆ ತನ್ನ ಗುಂಪಿಗೆ ಮರಳುತ್ತದೆ. ಬೇಯಿಸುವಾಗ ಆ ನೀರು ಆವಿಯಾಗಿ ಗುಳ್ಳೆ. ಆದರೆ ಕೋಣೆಯ ಯಂತ್ರಕ್ಕೆ ತೂಗುಹಾಕಿದ್ದ ಮಾಪಕ ಗಾಳಿ ಒಣಗಿದೆ ಎಂದೇ ತೋರಿಸುತ್ತಿತ್ತು. ಹಾಗಾದರೆ ಯಾರೋ ನೀರು ಚಿಮುಕಿಸುತ್ತಿದ್ದಾರೆ. ಮತ್ತು ಯಾರಿಗೆ ತೇವದ ವಿಷಯ ಅಷ್ಟು ಬೇಗ ಹೊಳೆಯಿತು?

*

ಸಂಶಯಕ್ಕೆ ಕಾಲು ಬಂದದ್ದು ಬಾಸ್ ಕೋಣೆಯ ಹೊರಗೆ. ಬಾಗಿಲು ಅರೆ ತೆರೆದಿತ್ತು.

"ಆ ಕೋಣೆಯಿಂದ ದುನ್ಯಾ ಅವರ ಮೇಜು ತೆಗೆಸಿ, ಬಾಸ್," ಎನ್ನುತ್ತಿದ್ದ ರೇಲ್ಯಾ. "ಅವರನ್ನ ಅಲ್ಲಿ ಕೂರಿಸೋದು ಸರಿಯಲ್ಲ."

"ಎಲ್ಲಿಗೆ ಹಾಕ್ಲಪ್ಪ? ನನ್ನ ತಲೆ ಮೇಲಾ?"

"ಎಲ್ಲಾದ್ರೂ. ಅಲ್ಲಿ ಮಾತ್ರ ಬೇಡ."

ಫೈಲನ್ನು ಎದೆಗವಚಿಕೊಂಡು ಸದ್ದಿಲ್ಲದೆ ಹಿಂದೆ ಸರಿದೆ. ಮೇಜು ಹೋದರೆ ಕಾವಲು ಹೋಯಿತು. ಹಾಳೆಗಳಿಗೂ ಅವನಿಗೂ ನಡುವೆ ಇದ್ದವಳು ನಾನೊಬ್ಬಳೇ.

ಎಷ್ಟು ನೋವಾಯಿತೆಂದರೆ, ನನಗೇ ಆಶ್ಚರ್ಯ. ಕಳ್ಳನೆಂದು ಮೊದಲೇ ತೀರ್ಮಾನಿಸಿದವನು ಕಳ್ಳನೆಂದು ಗೊತ್ತಾದರೆ ನೋವು ಯಾಕಾಗಬೇಕು? ಎಲ್ಲೋ ಒಳಗೆ, ನನಗೆ ಹೇಳದೆ, ಅವನು ನಿರಪರಾಧಿಯಾಗಲಿ ಎಂದು ಯಾರೋ ಹರಕೆ ಹೊತ್ತಿದ್ದರು.

ಬಲೆ ಬೀಸಿದೆ. ಒಂದೇ ಮಿಶ್ರಣದಿಂದ ಹಾಳೆಗಳನ್ನು ಮಾಡಿ, ಅರ್ಧವನ್ನು ನನ್ನ ಹೆಸರು ಬರೆದು ನನ್ನ ಕಪಾಟಿನಲ್ಲಿ ಇಟ್ಟೆ. ಉಳಿದರ್ಧವನ್ನು ಹೆಸರಿಲ್ಲದೆ, ಅವನದೇ ಕಪಾಟಿನಲ್ಲಿ, ಅವನದೇ ಕರಿ ಹಾಳೆಗಳ ಹಿಂದೆ ಬಚ್ಚಿಟ್ಟೆ. ಹೊರಗೆ ಮಳೆ ಸುರಿಯುತ್ತಿತ್ತು. ಮಾರನೆಯ ದಿನ ಎರಡನ್ನೂ ಬೇಯಿಸಿ ಎಳೆದೆ.

ಹೆಸರಿದ್ದವು ಗುಳ್ಳೆಗಟ್ಟಿ ಹರಿದವು. ಹೆಸರಿಲ್ಲದವು ಎಳೆದಷ್ಟೂ ಬಂದವು, ಬಂದವು, ಬಂದವು.

ಸಾಕ್ಷಿ ಸಿಕ್ಕಿತು. ಗೆದ್ದವಳ ಹಾಗೆ ನಗಬೇಕಿತ್ತು. ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

*

ಬಾಸ್ ಕೋಣೆಯಲ್ಲಿ ರೇಲ್ಯಾ ಇದ್ದ. ಸ್ಲಾವ್ಕಾ ಚಿಕ್ಕಮ್ಮ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಹರಿದ ತುಂಡುಗಳನ್ನೂ ಹರಿಯದವನ್ನೂ ಮೇಜಿನ ಮೇಲೆ ಸುರಿದೆ. ಮಾತಾಡಿದ್ದು ಮಾತ್ರ ಬೂದಿಬಟ್ಟಲಿನ ಜೊತೆ. ಮುಖ ಎತ್ತಲಾಗಲಿಲ್ಲ.

"ನನ್ನ ಹಾಳೆಗಳಿಗೆ ಯಾರೋ ನೀರು ಹಾಕ್ತಿದ್ದಾರೆ, ಬಾಸ್. ನನ್ನ ಹೆಸರು ಇರೋದು ಮಾತ್ರ ಕೆಡುತ್ತೆ. ಬಚ್ಚಿಟ್ಟದ್ದು ಕೆಟ್ಟಿಲ್ಲ. ಆ ಕೋಣೆಗೆ ಬರೋದು ನಾನು, ಇನ್ನೊಬ್ಬರು... ಇವರು."

ಚಿಕ್ಕಮ್ಮನ ಕೈಯ ತಟ್ಟೆಯಲ್ಲಿ ಬಟ್ಟಲುಗಳು ಕಿಣಿಗುಟ್ಟಿದವು. "ಏನ್ ಮಾತು ಮಗಾ ಇದು!"

ರೇಲ್ಯಾ ಸಿಟ್ಟಾಗಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಳಿ ತುಂಡೊಂದನ್ನು ಎತ್ತಿ ಬೆರಳುಗಳ ನಡುವೆ ಎಳೆದು ಬಿಟ್ಟ.

"ಬಚ್ಚಿಟ್ಟದ್ದು ಎಲ್ಲಿ?"

"ನಿಮ್ಮ ಕಪಾಟಿನಲ್ಲಿ."

"ಬಾಗಿಲ ಪಕ್ಕದ ಗೋಡೆ." ಅವನು ತನ್ನಷ್ಟಕ್ಕೇ ಹೇಳಿಕೊಂಡ. ಸೊಂಬೊರಿನ ನಿಧಾನದಲ್ಲಿ ಏನೋ ಅವನ ಮುಖದ ಮೇಲೆ ಹರಡುತ್ತಾ ಹೋಯಿತು. ಕಿವಿಯಿಂದ ಶುರುವಾಗಿ ಕುತ್ತಿಗೆಯವರೆಗೆ ಕೆಂಪು. "ಅಯ್ಯೋ ದೇವರೇ. ನಾನೇ. ಹಾಳು ಮಾಡಿದ್ದು ನಾನೇ."

"ಒಪ್ಕೊಂಡ್ರಾ?" ಎಂದೆ.

"ಬನ್ನಿ. ಎಲ್ಲರೂ ಬನ್ನಿ."

ಹದದ ಕೋಣೆಯಲ್ಲಿ ಅವನು ಮತ್ತೆ ಶೂ ಬಿಚ್ಚಿದ. ಕುರ್ಚಿ ಹತ್ತಿ, ಬಾಗಿಲ ಮೇಲಿನ ಯಂತ್ರದ ಬಾಯಿಗೆ ಅಡ್ಡಲಾಗಿ ಅಂಟಿಸಿದ್ದ ಬೂದು ಬಣ್ಣದ ರಟ್ಟೊಂದನ್ನು ಚರಕ್ಕೆಂದು ಕಿತ್ತ. ಯಂತ್ರದ ಬಣ್ಣವೂ ಬೂದು. ಅಷ್ಟು ದಿನ ನನ್ನ ತಲೆಯ ಮೇಲೇ ಇದ್ದದ್ದನ್ನು ನಾನು ಕಂಡಿರಲಿಲ್ಲ. ಸಂಶಯವಿರುವವಳು ಎದುರಿಗಿರುವವನನ್ನೇ ನೋಡುತ್ತಿರುತ್ತಾಳೆ.

ತಣ್ಣನೆಯ ಗಾಳಿ ರಪ್ಪೆಂದು ನನ್ನ ಕುತ್ತಿಗೆಗೆ ಹೊಡೆಯಿತು.

"ಮುಚ್ಚೋ ಅದನ್ನ!" ಚಿಕ್ಕಮ್ಮ ಕಿರುಚಿದಳು. "ಹುಡುಗಿ ಕುತ್ತಿಗೆ!"

ಬಾಸ್ ಆಗಲೇ ಕಾಲರ್ ಎತ್ತಿಕೊಂಡು ಗಾಳಿಯ ದಾರಿಯಿಂದ ಪಕ್ಕಕ್ಕೆ ಸರಿದಿದ್ದರು.

"ಅದಕ್ಕೇ ಕಟ್ಟಿದ್ದು, ಅಂಟು ಬಿಟ್ಟಾಗ ಮತ್ತೆ ಅಂಟಿಸಿದ್ದು," ಎಂದ ರೇಲ್ಯಾ, ರಟ್ಟನ್ನು ಎದೆಗೆ ಹಿಡಿದುಕೊಂಡು, ಕುರ್ಚಿಯ ಮೇಲಿಂದಲೇ. "ಇವರು ಕುತ್ತಿಗೆ ತಿರುಗಿಸೋಕೆ ಆಗದೆ ಇಡೀ ಮೈ ತಿರುಗಿಸ್ತಿದ್ರು. ನೋಡೋಕಾಗ್ಲಿಲ್ಲ. ಗಾಳಿ ಇವರ ಮೇಲೆ ಬೀಳದೆ ನನ್ನ ಗೋಡೆ ಕಡೆ ತಿರುಗ್ಲಿ ಅಂತ... ಒಣಗಾಳಿ ಪೂರ್ತಿ ನನ್ನ ಕಪಾಟಿಗೆ ಹೋಯ್ತು. ಇವರ ಕಪಾಟಿರೋದು ನದಿ ಕಡೆ ಗೋಡೆ, ಮಳೆ ಬಂದ್ರೆ ಸುಣ್ಣ ಬೆವರುತ್ತೆ. ಮಾಪಕ ತೂಗುಹಾಕಿರೋದು ಯಂತ್ರಕ್ಕೇ, ಅದಕ್ಕೇನು ಗೊತ್ತಾಗುತ್ತೆ? ಕರಿ ಪುಡಿಗೆ ತೇವದ ಚಿಂತೆ ಇಲ್ಲ. ಬಿಳಿ ಪುಡಿ ಕುಡಿದುಬಿಡ್ತು."

ನನ್ನ ಬಲೆ ಎಂಥದ್ದೆಂದು ಆಗ ಹೊಳೆಯಿತು. ಹೆಸರು ಬದಲಾಯಿಸುವಾಗ ಜಾಗವನ್ನೂ ಬದಲಾಯಿಸಿದ್ದೆ. ಮೊದಲ ವರ್ಷದ ಹುಡುಗರಿಗೆ ಹೇಳಿಕೊಡುವ ಪಾಠ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅಪರಾಧಿ ಯಾರೆಂದು ಮೊದಲೇ ಗೊತ್ತಿದ್ದವಳಿಗೆ ಪಾಠ ಯಾಕೆ ನೆನಪಾಗಬೇಕು?

"ಮೇಜು ತೆಗೆಸಿ ಅಂತ ಗೋಗರೆದದ್ದು ಇದಕ್ಕಾ?" ಬಾಸ್ ಹಣೆ ಒತ್ತಿಕೊಂಡರು. "ಸೀಳುಗಾಳಿ ಅಂತ ಬಾಯಿಬಿಟ್ಟು ಹೇಳಿದ್ರೆ ಅವತ್ತೇ ತೆಗೆಸ್ತಿದ್ನಲ್ಲೋ! ನನ್ನ ಭಾವನಿಗೆ ಇದೇ ಗಾಳಿಯಿಂದ ದವಡೆ ಹಿಡ್ಕೊಂಡಿತ್ತು."

"ಹೇಳೋಕೆ ನಾಚಿಕೆ ಆಯ್ತು, ಬಾಸ್. ಯಾಕೆ ಅಂತ ಕೇಳ್ತಿದ್ರಿ."

ಸ್ಲಾವ್ಕಾ ಚಿಕ್ಕಮ್ಮ ಸೊಂಟಕ್ಕೆ ಕೈ ಇಟ್ಟಳು. "ಹಾಗಾದ್ರೆ ಕುತ್ತಿಗೆ ವಾಸಿಯಾಗಿದ್ದು ನನ್ನ ರಾಕಿಯಾದಿಂದ ಅಲ್ಲ ಅಂತೀಯ?"

"ಅರ್ಧ ನಿಮ್ಮಿಂದ, ಚಿಕ್ಕಮ್ಮ."

"ಮುಕ್ಕಾಲು!"

ಬಾಸ್ ನಕ್ಕರು, ಚಿಕ್ಕಮ್ಮನೂ ನಕ್ಕಳು. ನಾನು ನಗಲಿಲ್ಲ. ಅವನೂ ನಗಲಿಲ್ಲ. ಶೂ ಹಾಕಿಕೊಂಡು, ಲೇಸು ಕಟ್ಟದೆ ಹೊರಗೆ ಹೋದ.

*

ಮಧ್ಯಾಹ್ನ ಅವನನ್ನು ಹುಡುಕಿಕೊಂಡು ರೋಲರುಗಳ ಬಳಿ ಹೋದೆ. ಕರಿ ರಬ್ಬರು ಎರಡು ಉರುಳೆಗಳ ನಡುವೆ ಮಡಿಸಿಕೊಳ್ಳುತ್ತಾ, ಬಿಡಿಸಿಕೊಳ್ಳುತ್ತಾ ಹೊಳೆಯುತ್ತಿತ್ತು. ಅವನು ಅದನ್ನು ಚಾಕುವಿನಿಂದ ಕತ್ತರಿಸಿ ಮತ್ತೆ ಮತ್ತೆ ಒಳಗೆ ಕೊಡುತ್ತಿದ್ದ.

ಕ್ಷಮೆ ಕೇಳಲೆಂದು ಬಂದವಳು ನಾನು. ಬಾಯಿಂದ ಬಂದದ್ದು ಪ್ರಶ್ನೆ.

"ಯಾಕೆ ಮಾಡಿದ್ರಿ?"

"ಹೇಳಿದ್ನಲ್ಲ. ಗಾಳಿ."

"ನಾನು ಗೆದ್ರೆ ನೀವು ಹೋಗ್ಬೇಕು. ಸುಮ್ನೆ ಬಿಟ್ಟಿದ್ರೆ ಕುತ್ತಿಗೆ ನೋವಿಗೆ ನಾನೇ ರಜೆ ಹಾಕ್ತಿದ್ದೆ. ನಿಮಗೇ ಲಾಭ ಇತ್ತು. ಯಾಕೆ ಮಾಡಿದ್ರಿ?"

ಉರುಳೆಗಳನ್ನು ನಿಲ್ಲಿಸಿದ. ಆ ಸದ್ದು ನಿಂತಾಗ ಹಾಲ್ ಒಮ್ಮೆಗೇ ದೊಡ್ಡದಾದಂತೆ ಆಯಿತು.

"ಇನ್ನೂ ಸಂಶಯವಾ?" ಎಂದ, ಮೆತ್ತಗೆ.

ಹೌದು, ಇನ್ನೂ ಸಂಶಯ. ಒಳ್ಳೆಯತನಕ್ಕೂ ಒಂದು ಲೆಕ್ಕಾಚಾರ ಇರಬಹುದಲ್ಲ ಎಂಬ ಸಂಶಯ. ನನ್ನಂಥವಳ ಕುತ್ತಿಗೆಯನ್ನು ಯಾರಾದರೂ ಸುಮ್ಮಸುಮ್ಮನೆ ಗಮನಿಸುತ್ತಾರೆಯೇ ಎಂಬ ಸಂಶಯ.

"ಅಂಟಿಸುವಾಗ ಗೆಲ್ಲೋದು ಸೋಲೋದು ಏನೂ ನೆನಪಿಗೆ ಬರ್ಲಿಲ್ಲ," ಎಂದ. "ನೀವು ನೆನಪಿಗೆ ಬಂದ್ರಿ. ಅಷ್ಟೇ. ಅಷ್ಟೇ ಅಂದ್ರೆ... ಅಷ್ಟೇ." ಕಪ್ಪು ಬೆರಳಿನಿಂದ ಕಿವಿ ಉಜ್ಜಿಕೊಂಡ. ಕಿವಿಗೂ ಕಪ್ಪಾಯಿತು. "ಆದ್ರೆ ಬಾಸ್ ಎದುರಿಗೆ ಕಳ್ಳ ಅಂದ್ರಲ್ಲ. ನನ್ನನ್ನೇ ಮೊದಲು ಕೇಳಬಹುದಿತ್ತು."

ನನ್ನ ಮಾತುಗಳು ಸಿಲಿಕಾದ ಹಾಗೆ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ, ಬಿಡಿಸಿಕೊಳ್ಳಲೇ ಇಲ್ಲ. ನಾನು ತಲೆ ತಗ್ಗಿಸಿದೆ.

"ಪರವಾಗಿಲ್ಲ," ಎಂದು ಅವನು ಉರುಳೆಗಳನ್ನು ಮತ್ತೆ ಚಾಲು ಮಾಡಿದ.

ಪರವಾಗಿಲ್ಲ ಎನ್ನುವುದು ಪರವಾ ಇರುವವರೇ.

*

ನನ್ನ ಮೇಜು ಚಿಕ್ಕಮ್ಮನ ಕಾಫಿ ಒಲೆಯ ಪಕ್ಕಕ್ಕೆ ಬಂತು. ಒಣಗಾಳಿ ನೇರ ನನ್ನ ಕಪಾಟಿಗೆ ಬೀಸಿತು. ಬಾಸ್ ಕೊಟ್ಟ ಹೆಚ್ಚುವರಿ ಅವಧಿಯಲ್ಲಿ ನನ್ನ ಹಾಳೆಗಳು ಮಳೆಯಲ್ಲೂ ಬಿಸಿಲಲ್ಲೂ ಒಂದೇ ಸಮನೆ ಹಿಗ್ಗಿದವು. ಆ ಅವಧಿ ಕೊಡಿ ಎಂದು ಕೇಳಿದವನು ರೇಲ್ಯಾ ಎಂದು ಚಿಕ್ಕಮ್ಮ ಒಂದು ಬೆಳಿಗ್ಗೆ ಬಾಯಿ ಜಾರಿ ಹೇಳಿಬಿಟ್ಟಳು.

"ಅವನೇ ಕೇಳಿದ್ನಾ? ಯಾಕಂತೆ?"

"ಯಾಕಂತೆ, ಯಾಕಂತೆ! ಪ್ರತಿಯೊಂದಕ್ಕೂ ಯಾಕಂತೆ!" ಚಿಕ್ಕಮ್ಮ ಚಮಚದಿಂದ ನನ್ನ ಕೈಗೆ ಕುಟ್ಟಿದಳು. "ಮಗಾ, ಕಾಫಿ ಕೊಟ್ರೆ ಕುಡೀಬೇಕು. ತಳ ಕೆರೆದು ನೋಡ್ಬಾರ್ದು."

ಆ ಮಾತು ದಿನವಿಡೀ ನನ್ನೊಳಗೆ ಓಡಾಡಿತು. ಅವನು ಎದುರಾದಾಗಲೆಲ್ಲ ಒಂದು ವಾಕ್ಯ ಸಿದ್ಧಪಡಿಸಿದೆ. ಅವನು ಮರೆಯಾಗುವವರೆಗೂ ಅದು ಸಿದ್ಧವಾಗುತ್ತಲೇ ಇರುತ್ತಿತ್ತು.

*

ಕೊನೆಯ ಪರೀಕ್ಷೆ ಯಂತ್ರದಲ್ಲಲ್ಲ, ಊರಾಚೆಯ ಕಮರಿಯಲ್ಲಿ, ಹೊಳೆಯ ಕಲ್ಲುಗಳ ಮೇಲೆ. ನಮ್ಮಲ್ಲಿ ಅಟ್ಟೆ ನೋಡುವುದು ಹೀಗೆಯೇ. ಎರಡು ಮಿಶ್ರಣವಿದ್ದರೆ ಒಬ್ಬನೇ ಮನುಷ್ಯ ಒಂದು ಕಾಲಿಗೆ ಒಂದನ್ನು, ಇನ್ನೊಂದು ಕಾಲಿಗೆ ಇನ್ನೊಂದನ್ನು ಹಾಕಿಕೊಂಡು ನಡೆಯಬೇಕು. ಆಗ ಮೈಭಾರವೂ ಒಂದೇ, ಕಲ್ಲೂ ಒಂದೇ, ನೆಪ ಹೇಳಲು ಏನೂ ಉಳಿಯುವುದಿಲ್ಲ.

"ಯಾರು ಹಾಕ್ಕೋತೀರಿ?" ಎಂದರು ಬಾಸ್. ರಕ್ಷಣಾ ತಂಡದ ಮುಖ್ಯಸ್ಥ ಹಗ್ಗದ ಸುರುಳಿ ಹಿಡಿದು ನಿಂತಿದ್ದ.

"ನಾನು," ಎಂದ ರೇಲ್ಯಾ. ಎಡಗಾಲಿಗೆ ತನ್ನ ಕರಿ ಅಟ್ಟೆ, ಬಲಗಾಲಿಗೆ ನನ್ನದು.

ಮುಖ್ಯಸ್ಥ ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಯಾರಿಗೆ ಕೊಡಲಿ ಎಂದು ಸುತ್ತ ನೋಡಿದ.

"ಅವರಿಗೆ ಕೊಡಿ," ರೇಲ್ಯಾ ನನ್ನ ಕಡೆ ಗಲ್ಲ ತೋರಿಸಿದ. ಎಷ್ಟೋ ದಿನಗಳ ಮೇಲೆ ಅವನ ಕಣ್ಣಿನಲ್ಲಿ ಹಳೆಯ ತುಂಟತನದ ಒಂದು ಕಿಡಿ. "ನನ್ನ ಮೇಲೆ ಸದಾ ಕಣ್ಣಿಟ್ಟಿರೋದು ಅವರೇ. ಬಿಡಲ್ಲ."

ಹಗ್ಗವನ್ನು ಬೆನ್ನಿನ ಸುತ್ತ ಹಾಯಿಸಿ, ಬಂಡೆಗೆ ಕಾಲು ಕೊಟ್ಟು ನಿಂತೆ. ಅವನು ಪಾಚಿಗಟ್ಟಿದ ಕಲ್ಲುಗಳ ಮೇಲೆ ನಡೆದ. ಬಲಗಾಲು ಇಟ್ಟಲ್ಲಿ ಕಲ್ಲಿಗೆ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತಿತ್ತು. ಎಡಗಾಲು ಅಲ್ಲಲ್ಲಿ ತಡವರಿಸುತ್ತಿತ್ತು. ಹೊಳೆಯ ನಡುವಿನ ಇಳಿಜಾರು ಬಂಡೆಯ ಮೇಲೆ ಎಡಗಾಲು ಪೂರ್ತಿ ಜಾರಿತು. ಚಿಕ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಹಗ್ಗ ನನ್ನ ಅಂಗೈಯನ್ನು ಸುಡುತ್ತಾ ಬಿಗಿಯಿತು. ನಾನು ಹಿಂದಕ್ಕೆ ವಾಲಿದೆ. ಅವನು ಒಂದೇ ಕಾಲಿನ ಮೇಲೆ, ನನ್ನ ಅಟ್ಟೆಯ ಮೇಲೆ, ತೋಳು ಚಾಚಿ ನಿಂತ. ಜಾರಲಿಲ್ಲ.

ಅಲ್ಲಿಂದಲೇ ತಿರುಗಿ ನನ್ನತ್ತ ನೋಡಿ ನಕ್ಕ. ತಾನು ಸೋತದ್ದಕ್ಕೆ ಅಷ್ಟು ಚೆನ್ನಾಗಿ ನಗುವವನನ್ನು ನಾನು ನೋಡಿಲ್ಲ. ಆ ನಗುವಿನ ತಳ ಕೆರೆಯಲು ನನಗೆ ಏನೂ ಸಿಗಲಿಲ್ಲ.

ಅವನು ದಡಕ್ಕೆ ಬಂದ. ಮುಖ್ಯಸ್ಥ ಎರಡೂ ಅಟ್ಟೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಿಳಿ ಪುಡಿಯದ್ದನ್ನು ತಟ್ಟಿದ. ಬಾಸ್ ಕೈ ಉಜ್ಜಿಕೊಂಡರು.

"ಸರಿ ಹಾಗಾದ್ರೆ. ದುನ್ಯಾ ಕಾಯಂ. ರೇಲ್ಯಾ, ನಿನ್ನ ಸೊಂಬೊರಿನವ್ರಿಗೆ ಈ ವಾರವೇ ಹೇಳ್ತೀನಿ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ? ಇಲ್ಲ ಅಲ್ವಾ? ಬನ್ನಿ, ಚಳಿ."

ಯಾವ ಮೀಟಿಂಗಿನಲ್ಲೂ ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟದ್ದಿಲ್ಲ.

"ಇದೆ," ಎಂದೆ.

ಎಲ್ಲರೂ ತಿರುಗಿದರು. ಬಾಸ್ ಹುಬ್ಬೇರಿಸಿದರು.

"ಹಿಮ್ಮಡಿ," ಎಂದೆ. "ಹಿಮ್ಮಡಿ ಭಾಗಕ್ಕೆ ಕರಿ ಪುಡಿ ಬೇಕಾಗಬಹುದು. ಸವೆತಕ್ಕೆ. ಅದಕ್ಕೆ ರೇಲ್ಯಾ ಅವರು ಇಲ್ಲೇ ಇದ್ರೆ..."

"ಸವೆತದ ಅಂಕಿನೂ ನಿಂದೇ ಚೆನ್ನಾಗಿದೆಯಲ್ಲಮ್ಮಾ. ನೀನೇ ಅಳೆದು ಕೊಟ್ಟಿದ್ದು."

ಹೌದು, ನಾನೇ ಅಳೆದದ್ದು. ಹೊಳೆ ಸದ್ದು ಮಾಡುತ್ತಿತ್ತು. ಚಿಕ್ಕಮ್ಮ ಬಾಯಿಗೆ ಸೆರಗಿನಂತೆ ಸ್ಕಾರ್ಫ್ ಒತ್ತಿಕೊಂಡಿದ್ದಳು. ರೇಲ್ಯಾ ಸೊಂಟದ ಗಂಟು ಬಿಚ್ಚಲು ಕೈ ಹಾಕಿದವನು ಹಾಗೆಯೇ ನಿಂತಿದ್ದ. 'ನೀವು' ಎಂದು ಶುರುಮಾಡಿದರೆ ಈ ವಾಕ್ಯವೂ ಎಂದಿಗೂ ಸಿದ್ಧವಾಗುವುದಿಲ್ಲವೆಂದು ನನಗೆ ಗೊತ್ತಾಯಿತು. ಬಾಸ್ ಕಡೆಯಿಂದ ಮುಖ ತಿರುಗಿಸಿ, ಅವನ ಕಣ್ಣನ್ನೇ ನೋಡಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ನೀನು ಹೋಗೋದು ನನಗೆ ಬೇಡ, ರೇಲ್ಯಾ."